ಆಸ್ತಮಾ ಎಂದು ಬರೆದ ಚೀಟಿ

ಕೆಲವು ವರ್ಷಗಳ ಹಿಂದೆ, ರಾಮಾಪುರದಲ್ಲಿ ವೈದ್ಯನಾಗಿದ್ದಾಗ ಬರೆದುಕೊಟ್ಟ ಒಂದು ಚೀಟಿ ನನ್ನನ್ನು ಇಂದಿಗೂ ಕಾಡುತ್ತದೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬೀಡಿ ಸೇದಿದವರಲ್ಲ, ಕರಿಕಲ್ಲು ಕ್ವಾರಿಯಲ್ಲಿ ದುಡಿದವರೂ ಅಲ್ಲ. ಆದರೂ ನೀರಿನ ಕೊಡ ಹೊತ್ತು ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಎಕ್ಸ್-ರೇಯಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಸೌದೆ ಒಲೆಯ ಹೊಗೆಯೇ ಕಾರಣವಿರಬೇಕೆಂದು ಆಸ್ತಮಾ ಎಂದು ಬರೆದೆ. ಅದಕ್ಕೂ ಮೊದಲು ಬೇರೊಬ್ಬರು, ಕಫದಲ್ಲಿ ರೋಗಾಣು ಸಿಗದಿದ್ದರೂ, ಆರು ತಿಂಗಳು ಕ್ಷಯದ ಮಾತ್ರೆ ಕೊಟ್ಟಿದ್ದರು. 'ಔಸ್ದಿ ಹಿಡೀತಾಯಿಲ್ಲ ಸಾ' ಎಂದು ಆಕೆ ಮತ್ತೆ ಬಂದಾಗ ನಾನು ಮಾಡಿದ್ದು ಇನ್‌ಹೇಲರಿನ ಪ್ರಮಾಣ ಹೆಚ್ಚಿಸಿದ್ದಷ್ಟೇ.

ಎರಡು ವರ್ಷಗಳ ಬಳಿಕ ಒಂದು ರಾತ್ರಿ ಆಕೆಯ ಬಲ ಶ್ವಾಸಕೋಶದಿಂದ ಗಾಳಿ ಸೋರಿ ಅದು ಕುಸಿಯಿತು. ಹನೂರು, ಕೊಳ್ಳೇಗಾಲ ದಾಟಿ ಮೈಸೂರು ಸೇರುವಷ್ಟರಲ್ಲಿ ಬೆಳಗಾಗಿತ್ತು. ಅಲ್ಲಿನ ವೈದ್ಯರು ಎದೆಗೆ ಕೊಳವೆ ಹಾಕಿ ಸುಮ್ಮನಾಗದೆ, ಶ್ವಾಸಕೋಶದ ಸೂಕ್ಷ್ಮ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಎರಡೂ ಶ್ವಾಸಕೋಶಗಳ ತುಂಬ ತೆಳುಗೋಡೆಯ ದುಂಡನೆಯ ಗಾಳಿಗುಳ್ಳೆಗಳು. ಮೂತ್ರಪಿಂಡದಲ್ಲೊಂದು ಕೊಬ್ಬುಭರಿತ ಗಡ್ಡೆ. ಈ ಎರಡೂ ಜೊತೆಗೆ ಕಂಡರೆ ಶ್ವಾಸಕೋಶದ ತುಣುಕು ತೆಗೆದು ಪರೀಕ್ಷಿಸಬೇಕಾಗಿಯೇ ಇಲ್ಲ. ಗಡ್ಡೆ ಇಲ್ಲದವರಲ್ಲಿ ವಿಇಜಿಎಫ್-ಡಿ ಎಂಬ ಪ್ರೋಟೀನಿನ ರಕ್ತಪರೀಕ್ಷೆ ನೆರವಾಗುತ್ತದೆ. ಕಾಯಿಲೆಯ ಹೆಸರು ಲಿಂಫ್ಯಾಂಜಿಯೋಲಿಯೋಮಯೋಮಟೋಸಿಸ್. ವೈದ್ಯರಿಗೂ ನಾಲಿಗೆ ಹೊರಳದ್ದರಿಂದ 'ಲ್ಯಾಮ್' ಎನ್ನುತ್ತಾರೆ. ಹತ್ತು ಲಕ್ಷ ಹೆಂಗಸರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ, ಹೆಚ್ಚಾಗಿ ಹೆರುವ ವಯಸ್ಸಿನಲ್ಲಿ ಕಾಣಿಸಿಕೊಳ್ಳುವಂಥದ್ದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ಇವರಿಗೆ ಸಲ್ಲದು.

ಇದಕ್ಕೆ ಮದ್ದಿದೆ. ಮೂತ್ರಪಿಂಡ ಕಸಿಯಾದವರಿಗೆ ಕೊಡುವ ಸಿರೋಲಿಮಸ್ ಎಂಬ ಮಾತ್ರೆ ಲ್ಯಾಮ್‌ನ ವೇಗವನ್ನು ತಡೆಯುತ್ತದೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2015ರಲ್ಲಿ ಅಮೆರಿಕ ಅನುಮೋದಿಸಿತು. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದ ಈ ಔಷಧಿ ಉಳಿದುಬಂದದ್ದು, ಕಂಪನಿ ಕೈಬಿಟ್ಟಾಗ ಅದನ್ನು ಮನೆಯ ಫ್ರೀಜರಿನಲ್ಲಿ ಕಾಪಾಡಿದ ಭಾರತೀಯ ಮೂಲದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್ ಅವರಿಂದ. ಆದರೆ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮತ್ತೆ ಮುಂದುವರಿಯುತ್ತದೆ. ನಾಶವಾದ ಶ್ವಾಸಕೋಶವನ್ನಂತೂ ಅದು ಮರಳಿ ಕೊಡಲಾರದು. ನಾನು ಕಳೆದ ಎರಡು ವರ್ಷಗಳ ಲೆಕ್ಕ ಇಲ್ಲಿದೆ.

ಏದುಸಿರಿನ ಪ್ರತಿ ಹೆಂಗಸಿಗೂ ಸ್ಕ್ಯಾನ್ ಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಹಳ್ಳಿಗಳಲ್ಲಿ ಹೆಚ್ಚಿನವರ ಬಳಲಿಕೆಗೆ ಒಲೆಯ ಹೊಗೆ, ರಕ್ತಹೀನತೆಗಳೇ ಕಾರಣ. ಆದರೆ ಧೂಮಪಾನವಿಲ್ಲದ ಯುವತಿಗೆ ಇನ್‌ಹೇಲರ್ ನಾಟದಿದ್ದರೆ, ಶ್ವಾಸಕೋಶ ಒಮ್ಮೆಯಾದರೂ ಕುಸಿದಿದ್ದರೆ, ಎಕ್ಸ್-ರೇ ಚೆನ್ನಾಗಿದೆಯೆಂದು ಕಳುಹಿಸಿಬಿಡಬಾರದು.

ಆಕೆ ಈಗ ಮಾತ್ರೆ ನುಂಗುತ್ತಿದ್ದಾರೆ. ಉಸಿರು ಇನ್ನಷ್ಟು ಕುಗ್ಗಿಲ್ಲ. ನೀರಿನ ಕೊಡವನ್ನು ಮಗಳು ಹೊರುತ್ತಾಳೆ.