ಎಂಜಿನ್ನು ಚಾಲೂ ಆಗದಿದ್ದಾಗ ದೋಷವನ್ನು ಪತ್ತೆಹಚ್ಚುವ ಕ್ರಮ

ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಯು ಮಳೆಯ ವಿಷಯದಲ್ಲಿ ಭಾಗ್ಯಶಾಲಿಯಾದುದಲ್ಲ. ಮುಂಗಾರಿನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಭೂಮಿಯು ಬಿತ್ತನೆಗೆ ಹದವಾಗಿರುವುದು ಕೆಲವೇ ದಿನಗಳ ಮಟ್ಟಿಗೆ. ಕೆಂಪು ಮಣ್ಣಿನ ಹೊಲಗಳಲ್ಲಂತೂ ಬಿಸಿಲೂ ಗಾಳಿಯೂ ಕೂಡಿ ಹಸಿಯನ್ನು ಬೇಗನೆ ಆರಿಸಿಬಿಡುವುವು. ಹಿಂದೆ ಈ ಸಮಯಕ್ಕೆ ಮುಂಚೆ ರೈತನು ಎತ್ತುಗಳ ಮೇವನ್ನೂ ಆರೋಗ್ಯವನ್ನೂ ನೋಡಿಕೊಂಡರೆ ಸಾಕಾಗಿತ್ತು. ಈಗ ಉಳುಮೆ ಬಿತ್ತನೆಗಳ ಬಹುಭಾಗವು ಟ್ರ್ಯಾಕ್ಟರಿನಿಂದ ನಡೆಯುತ್ತಿದೆ. ಹದ ಬಂದ ದಿನ ಬೆಳಿಗ್ಗೆ ಎಂಜಿನ್ನು ಚಾಲೂ ಆಗದೆ ಹೋದರೆ, ಅದರ ಒಡೆಯನ ಬಿತ್ತನೆಯಲ್ಲದೆ, ಅದನ್ನೇ ಬಾಡಿಗೆಗೆ ನಂಬಿಕೊಂಡ ನಾಲ್ಕಾರು ಮನೆಗಳ ಬಿತ್ತನೆಯೂ ನಿಲ್ಲುವುದು.

ಇಂತಹ ಸಮಯದಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದರೆ, ಒಬ್ಬನು ಡೀಸೆಲ್ ಪಂಪು ಕೆಟ್ಟಿದೆಯೆನ್ನುವನು, ಮತ್ತೊಬ್ಬನು ನಾಝಲ್ ಕಟ್ಟಿದೆಯೆನ್ನುವನು. ಎಲ್ಲವನ್ನೂ ಬಿಚ್ಚಿ ಬದಲಾಯಿಸಿದ ಮೇಲೆ, ಕಡೆಗೆ ದೋಷವು ಬ್ಯಾಟರಿಯ ಸಡಿಲವಾದ ಒಂದು ತಂತಿಯಲ್ಲಿತ್ತೆಂದು ತಿಳಿಯುವುದು. ಹಣವೂ ಹೋಯಿತು, ಹದವೂ ಹೋಯಿತು. ಊಹೆಯಿಂದ ಬಿಚ್ಚುವುದನ್ನು ಬಿಟ್ಟು ಕ್ರಮವಾಗಿ ಪರೀಕ್ಷಿಸಿದರೆ, ದೋಷವು ಯಾವ ಭಾಗದಲ್ಲಿದೆಯೆಂಬುದನ್ನು ಅರ್ಧ ಗಂಟೆಯೊಳಗೆ ಬಹುಮಟ್ಟಿಗೆ ನಿರ್ಣಯಿಸಬಹುದು.

೧. ಎಂಜಿನ್ನಿಗೆ ಬೇಕಾದುವು

ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಯಂತ್ರಶಾಸ್ತ್ರಜ್ಞನು ೧೮೯೭ನೆಯ ಇಸವಿಯಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನ ತತ್ತ್ವವೇ ಇಂದಿನ ಟ್ರ್ಯಾಕ್ಟರುಗಳಲ್ಲಿಯೂ ಇದೆ. ಇದರಲ್ಲಿ ಕಿಡಿಯಿಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ನು ಸುಮಾರು ೧೬ರಿಂದ ೧೮ರಲ್ಲಿ ಒಂದು ಪಾಲಿಗೆ ಅಮುಕುವುದು. ಹಾಗೆ ಅಮುಕಿದ ಗಾಳಿಯು ೫೦೦ ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯುವುದು. ಅದರೊಳಕ್ಕೆ ತುಂತುರಾಗಿ ಬಿದ್ದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುವುದು.

ಆದಕಾರಣ ಎಂಜಿನ್ನಿಗೆ ನಾಲ್ಕೇ ಸಂಗತಿಗಳು ಬೇಕು: ತಕ್ಕ ವೇಗದ ತಿರುಗಾಟ, ಡೀಸೆಲ್, ಗಾಳಿ, ಒತ್ತಡ. ಇವುಗಳಲ್ಲಿ ತಿರುಗಾಟವನ್ನು ಮೊದಲು ನೋಡತಕ್ಕದ್ದು. ಏಕೆಂದರೆ ನಿಧಾನವಾಗಿ ತಿರುಗಿದರೆ ಗಾಳಿಯ ಶಾಖವು ಸಿಲಿಂಡರಿನ ಗೋಡೆಗಳಿಗೆ ಸೇರಿಹೋಗಿ, ಡೀಸೆಲ್ ಬಂದರೂ ಹೊತ್ತುವುದಿಲ್ಲ. ಬ್ಯಾಟರಿಯ ಬಲಹೀನತೆಯು ಹೀಗೆ ಡೀಸೆಲ್ಲಿನ ದೋಷದಂತೆ ಕಾಣಿಸಿ ಎಷ್ಟೋ ಜನರನ್ನು ಮೋಸಗೊಳಿಸಿದೆ.

೨. ತಿರುಗಾಟದ ಪರೀಕ್ಷೆ

ಮೊದಲು ಗೇರನ್ನು ನ್ಯೂಟ್ರಲಿಗೆ ತಂದು, ಕ್ಲಚ್ಚನ್ನು ಪೂರ್ತಿಯಾಗಿ ಒತ್ತಿ ಕೀಲಿಯನ್ನು ತಿರುಗಿಸತಕ್ಕದ್ದು. ಅನೇಕ ಟ್ರ್ಯಾಕ್ಟರುಗಳಲ್ಲಿ ಹೀಗೆ ಮಾಡದಿದ್ದರೆ ಸೆಲ್ಫ್ ಮೋಟಾರು ತಿರುಗದಂತೆ ರಕ್ಷಣೆಯ ಸ್ವಿಚ್ಚನ್ನು ಇಟ್ಟಿರುತ್ತಾರೆ, ಇದು ದೋಷವಲ್ಲ.

ಸೆಲ್ಫ್ ತಿರುಗದಿದ್ದರೆ, ಅಥವಾ 'ಟಕ್' ಎಂದು ಸದ್ದುಮಾಡಿ ನಿಂತರೆ, ಮುಂದಿನ ದೀಪವನ್ನು ಹೊತ್ತಿಸಿ ಮತ್ತೊಮ್ಮೆ ಕೀಲಿಯನ್ನು ತಿರುಗಿಸಬೇಕು. ದೀಪವು ತೀರ ಮಂಕಾದರೆ ಅಥವಾ ಆರಿಹೋದರೆ ದೋಷವು ಬಹುಶಃ ಬ್ಯಾಟರಿಯಲ್ಲಿ ಅಥವಾ ಅದರ ತಂತಿಗಳಲ್ಲಿದೆ. ದೀಪದ ಬೆಳಕು ಕುಗ್ಗದೆ ಇದ್ದು ಸೆಲ್ಫ್ ಮಾತ್ರ ತಿರುಗದಿದ್ದರೆ ದೋಷವು ಸೆಲ್ಫ್ ಮೋಟಾರಿನಲ್ಲಿ, ಅದರ ಸ್ವಿಚ್ಚಿನಲ್ಲಿ ಅಥವಾ ಅಲ್ಲಿಗೆ ಹೋಗುವ ತಂತಿಯಲ್ಲಿದೆ. ಮೀಟರು ಇದ್ದಲ್ಲಿ ಇನ್ನೂ ನಿಖರವಾಗಿ ತಿಳಿಯಬಹುದು: ೧೨ ವೋಲ್ಟಿನ ಬ್ಯಾಟರಿಯು ಪೂರ್ಣ ಚಾರ್ಜಾಗಿ ಸುಮ್ಮನಿರುವಾಗ ಸುಮಾರು ೧೨.೬ ವೋಲ್ಟ್ ತೋರಿಸುವುದು. ಸೆಲ್ಫ್ ತಿರುಗುತ್ತಿರುವಾಗ ಅದು ಸುಮಾರು ೯.೬ಕ್ಕಿಂತ ಕೆಳಗೆ ಇಳಿಯಬಾರದು.

ಬ್ಯಾಟರಿಯನ್ನು ದೂಷಿಸುವ ಮುನ್ನ ಅದರ ಎರಡು ತುದಿಗಳನ್ನು ನೋಡತಕ್ಕದ್ದು. ಅಲ್ಲಿ ಬಿಳಿ ಅಥವಾ ಹಸಿರು ಬೂಷ್ಟಿನಂತಹ ಕಿಲುಬು ಕಟ್ಟಿದ್ದರೆ ವಿದ್ಯುತ್ತು ಹರಿಯುವುದಿಲ್ಲ. ಋಣ ತುದಿಯ ತಂತಿಯನ್ನು ಮೊದಲು, ಧನ ತುದಿಯದನ್ನು ಆಮೇಲೆ ಬಿಚ್ಚಿ, ಅಡಿಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಉಜ್ಜಿ ಒಣಗಿಸಬೇಕು. ಧನವನ್ನು ಮೊದಲು, ಋಣವನ್ನು ಕಡೆಗೆ ಜೋಡಿಸಿ ಬಿಗಿಮಾಡಿ ವ್ಯಾಸಲೀನ್ ಸವರಬೇಕು. ಬ್ಯಾಟರಿಯಿಂದ ಚಾಸಿಗೆ ಹೋಗುವ ಅರ್ತ್ ತಂತಿಯ ಇನ್ನೊಂದು ತುದಿಯನ್ನು ನೋಡುವವರು ಕಡಿಮೆ. ಅದನ್ನೂ ತಪ್ಪದೆ ಬಿಗಿಮಾಡಬೇಕು. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲವು ಹೊರಡುವುದರಿಂದ ಹತ್ತಿರ ಬೀಡಿ ಸೇದುವುದಾಗಲಿ ಕಡ್ಡಿ ಗೀರುವುದಾಗಲಿ ಕೂಡದು.

೩. ಹೊಗೆಯ ಪರೀಕ್ಷೆ

ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ನು ಹಿಡಿಯದಿದ್ದರೆ, ಒಬ್ಬನು ಹತ್ತು ಸೆಕೆಂಡು ಕೀಲಿಯನ್ನು ತಿರುಗಿಸುತ್ತಿರುವಾಗ ಇನ್ನೊಬ್ಬನು ಸೈಲೆನ್ಸರಿನ ಬಾಯನ್ನು ನೋಡತಕ್ಕದ್ದು. ಹೊಗೆಯೇ ಇಲ್ಲದಿದ್ದರೆ ಸಿಲಿಂಡರಿಗೆ ಡೀಸೆಲ್ ಬರುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಹೊತ್ತುತ್ತಿಲ್ಲ. ಚಳಿ, ಡೀಸೆಲ್ಲಿನಲ್ಲಿ ಸೇರಿದ ನೀರು, ಪಂಪಿನ ಕಾಲ ತಪ್ಪಿರುವುದು, ಒತ್ತಡದ ಕೊರತೆ ಇವುಗಳಲ್ಲೊಂದು ಕಾರಣವಾಗಿರಬಹುದು. ಕಪ್ಪು ಹೊಗೆ ಬಂದರೆ ಗಾಳಿ ಸಾಲದೆಂದು ತಿಳಿಯಬೇಕು. ಒಂದೇ ಸಮನೆ ಸೆಲ್ಫ್ ಹೊಡೆಯುವುದರಿಂದ ಮೋಟಾರು ಸುಟ್ಟುಹೋಗುವುದು. ಪ್ರತಿ ಸಲದ ನಡುವೆ ಒಂದೆರಡು ನಿಮಿಷ ಬಿಡಬೇಕು.

೪. ಡೀಸೆಲ್ಲಿನ ದಾರಿ

ಹೊಗೆಯಿಲ್ಲದಿದ್ದಲ್ಲಿ ಟ್ಯಾಂಕಿನಿಂದ ಎಂಜಿನ್ನಿನ ಕಡೆಗೆ ಹೆಜ್ಜೆಹೆಜ್ಜೆಯಾಗಿ ಬರತಕ್ಕದ್ದು. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ? ಎಂಜಿನ್ನನ್ನು ನಿಲ್ಲಿಸಲು ಎಳೆಯುವ ಗುಂಡಿಯು ಒಳಕ್ಕೆ ಹೋಗಿದೆಯೇ? ನಿನ್ನೆ ಸಂಜೆ ಎಳೆದ ಗುಂಡಿಯನ್ನು ಬೆಳಿಗ್ಗೆ ಮರೆತು, ಮೆಕ್ಯಾನಿಕ್ಕನಿಗೆ ಹೇಳಿಕಳುಹಿಸುವುದು ಅಪರೂಪವಲ್ಲ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರವು ಧೂಳಿನಿಂದ ಮುಚ್ಚಿದೆಯೇ? ಫಿಲ್ಟರಿನ ತಳದಲ್ಲಿ ನೀರು ನಿಂತಿದೆಯೇ? ನೀರಿದ್ದರೆ ತಳದ ತಿರುಪನ್ನು ಸಡಿಲಿಸಿ, ಶುದ್ಧ ಡೀಸೆಲ್ ಬರುವವರೆಗೆ ಹೊರಬಿಡಬೇಕು.

ಡೀಸೆಲ್ ಪೂರ್ತಿಯಾಗಿ ಖಾಲಿಯಾಗಿದ್ದರೆ ಅಥವಾ ಫಿಲ್ಟರನ್ನು ಬದಲಾಯಿಸಿದ್ದರೆ ನಳಿಗೆಗಳಲ್ಲಿ ಏರ್ ಹಿಡಿಯುವುದು. ಆಗ ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ, ಗುಳ್ಳೆಗಳು ನಿಂತು ಬರಿಯ ಡೀಸೆಲ್ ಬಂದೊಡನೆ ಬಿಗಿಯಬೇಕು. ಅನಂತರ ಪಂಪಿನ ತಿರುಪಿನಲ್ಲಿಯೂ ಹಾಗೆಯೇ ಮಾಡಬೇಕು. ನಾಝಲಿನ ಎದುರಿಗೆ ಎಂದಿಗೂ ಕೈಯನ್ನು ಒಡ್ಡಬಾರದು. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೊಗುವಷ್ಟು ಬಿರುಸಾದುದು. ವಿದ್ಯುನ್ನಿಯಂತ್ರಣವಿರುವ ಹೊಸ ಮಾದರಿಗಳಲ್ಲಿ ಪಂಪಿನಿಂದ ಮುಂದಿನ ನಳಿಗೆಗಳನ್ನು ಮುಟ್ಟದೆ ತಜ್ಞರಿಗೇ ಬಿಡತಕ್ಕದ್ದು.

೫. ಗಾಳಿ ಮತ್ತು ಒತ್ತಡ

ಬೇಸಗೆಯಲ್ಲಿ ಒಣ ಹೊಲದ ಉಳುಮೆಯಿಂದ ಏಳುವ ಧೂಳು ಏರ್ ಕ್ಲೀನರಿನಲ್ಲಿ ಕೆಸರಾಗಿ ಕೂರುವುದು. ಎಣ್ಣೆಯ ಬಟ್ಟಲಿರುವ ಮಾದರಿಯಲ್ಲಿ ಹಳೆಯ ಎಣ್ಣೆಯನ್ನು ಚೆಲ್ಲಿ, ತೊಳೆದು, ಗುರುತಿನ ಮಟ್ಟಕ್ಕೆ ಹೊಸದನ್ನು ತುಂಬಬೇಕು. ಬಹುದಿನ ನಿಂತ ಟ್ರ್ಯಾಕ್ಟರಿನಲ್ಲಿ ಗಾಳಿಯ ನಳಿಗೆಯೊಳಗೆ ಇಲಿಯಾಗಲಿ ಕಣಜವಾಗಲಿ ಗೂಡು ಕಟ್ಟಿರುವುದೂ ಉಂಟು.

ಇವೆಲ್ಲವೂ ಸರಿಯಾಗಿದ್ದು, ಹಿಂದಿನಿಂದಲೂ ಎಂಜಿನ್ನು ಎಣ್ಣೆಯನ್ನು ಕುಡಿಯುತ್ತಿದ್ದು, ಉಸಿರುನಳಿಗೆಯಿಂದ ಹೊಗೆ ಬರುತ್ತಿದ್ದರೆ, ರಿಂಗುಗಳು ಸವೆದು ಒತ್ತಡ ಕುಗ್ಗಿದೆಯೆಂದು ಶಂಕಿಸಬಹುದು. ಇದು ಮೆಕ್ಯಾನಿಕ್ಕನ ಕೆಲಸ. ಹೊಲದ ಬದುವಿನಲ್ಲಿ ಮಾಡತಕ್ಕದ್ದಲ್ಲ.

೬. ಪೆಟ್ರೋಲ್ ಕಾರುಗಳ ವಿಷಯ

ಪೆಟ್ರೋಲ್ ಕಾರಿನಲ್ಲಿಯೂ ತಿರುಗಾಟದ ಪರೀಕ್ಷೆಯು ಇದೇ ರೀತಿಯದು. ಆದರೆ ಅಲ್ಲಿ ಕಿಡಿಯೊಂದು ಹೆಚ್ಚಾಗಿ ಬೇಕು. ಈಚಿನ ಕಾರುಗಳಲ್ಲಿ ಕೀಲಿಯನ್ನು 'ಆನ್' ಹಂತಕ್ಕೆ ತಿರುಗಿಸಿದಾಗ ಟ್ಯಾಂಕಿನ ಪಂಪಿನ ಸಣ್ಣ ಸದ್ದು ಒಂದೆರಡು ಸೆಕೆಂಡು ಸಾಮಾನ್ಯವಾಗಿ ಕೇಳಿಸುವುದು; ಕೇಳಿಸದಿದ್ದರೆ ಫ್ಯೂಸನ್ನು ನೋಡಬೇಕು. ಕಳ್ಳತನ ತಡೆಯುವ ದೀಪವು ಮಿಣುಕುತ್ತಿದ್ದರೆ ಇನ್ನೊಂದು ಕೀಲಿಯಿಂದ ಪ್ರಯತ್ನಿಸಬಹುದು.

೭. ಮಾಡಬಾರದ ಕೆಲಸಗಳು

ನೆಲದ ಮೇಲೆ ನಿಂತು, ಸೆಲ್ಫಿನ ಎರಡು ತುದಿಗಳಿಗೆ ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವುದು ಬಹು ಅಪಾಯಕರ. ರಕ್ಷಣೆಯ ಸ್ವಿಚ್ಚು ಆಗ ಕೆಲಸಮಾಡದು. ಗೇರಿನಲ್ಲಿದ್ದ ಟ್ರ್ಯಾಕ್ಟರು ಒಮ್ಮೆಗೇ ಮುನ್ನುಗ್ಗಿ ಎದುರಿಗಿದ್ದವನ ಮೇಲೆ ಹರಿದುಹೋಗುವುದು. ಗಾಳಿಯ ನಳಿಗೆಗೆ ಪೆಟ್ರೋಲ್ ಸುರಿಯುವುದೂ ಎಂಜಿನ್ನನ್ನು ಒಡೆಯುವಂತಹುದು, ಬೆಂಕಿಗೆ ಕಾರಣವಾಗುವಂತಹುದು. ಒಂದು ದಿನದ ಬಿತ್ತನೆಯು ಒಂದು ಜೀವಕ್ಕೆ ಸಮವಲ್ಲ.

೮. ಗ್ರಾಮದ ಮುಖಂಡರು ಮಾಡಬಹುದಾದುದು

ಮೆಕ್ಯಾನಿಕ್ಕನನ್ನು ಕರೆಸುವುದೇ ಅನಿವಾರ್ಯವಾದರೂ ಮೇಲಿನ ಪರೀಕ್ಷೆಗಳು ವ್ಯರ್ಥವಲ್ಲ. "ಗಾಡಿ ಚಾಲೂ ಆಗುತ್ತಿಲ್ಲ" ಎಂದು ಹೇಳಿದರೆ ಅವನು ಬರಿಗೈಯಲ್ಲಿ ಬಂದು, ಸಾಮಾನಿಗಾಗಿ ಮತ್ತೆ ದಾವಣಗೆರೆಗೆ ಹೋಗಬೇಕಾಗುವುದು. "ಸೆಲ್ಫ್ ಚುರುಕಾಗಿದೆ, ಹೊಗೆಯಿಲ್ಲ, ಫಿಲ್ಟರಿನವರೆಗೆ ಡೀಸೆಲ್ ಬರುತ್ತಿದೆ" ಎಂದು ತಿಳಿಸಿದರೆ ಬೇಕಾದುದನ್ನು ಜೊತೆಯಲ್ಲಿಯೇ ತರುವನು. ಊರಿಗೊಂದು ವೋಲ್ಟ್ ಮೀಟರನ್ನು ತರಿಸಿಟ್ಟು, ಪ್ರತಿ ಟ್ರ್ಯಾಕ್ಟರಿಗೂ ಫಿಲ್ಟರು, ಎಣ್ಣೆ, ಬ್ಯಾಟರಿಗಳನ್ನು ಬದಲಾಯಿಸಿದ ದಿನವನ್ನು ಬರೆದಿಡುವ ಪುಸ್ತಕವನ್ನು ಇರಿಸುವಂತೆ ಮುಖಂಡರು ಒಡೆಯರಿಗೆ ತಿಳಿಯಹೇಳಬೇಕು. ಮುಂಗಾರಿಗೆ ಹದಿನೈದು ದಿನ ಮುಂಚಿತವಾಗಿಯೇ ಎಲ್ಲ ಎಂಜಿನ್ನುಗಳನ್ನೂ ಒಮ್ಮೆ ಚಾಲೂ ಮಾಡಿ ನೋಡಿದರೆ, ಮಳೆ ಬಿದ್ದ ಮರುದಿನ ಕಾಣಬೇಕಾಗಿದ್ದ ದೋಷವು ಮೊದಲೇ ಕಂಡುಬಂದು, ಹದ ಬಂದ ದಿನ ನೇಗಿಲು ಹೊಲದಲ್ಲಿರುವುದು.