ವೈಲ್ಡ್‌ಕಾರ್ಡ್ ಮಾಸ್ಕ್ ಜಾಲವನ್ನು ಸಾರುವುದಿಲ್ಲ, ಪೋರ್ಟನ್ನು ಆರಿಸುತ್ತದೆ

ಸಿಸ್ಕೊ ರೂಟರಿನಲ್ಲಿ ಓಎಸ್‌ಪಿಎಫ್ ಎಂಬ ರೂಟಿಂಗ್ ಪ್ರೋಟೋಕಾಲ್ ಕಲಿಯುವವರಲ್ಲಿ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ನೆಟ್‌ವರ್ಕ್ ಕಮಾಂಡಿನ ವೈಲ್ಡ್‌ಕಾರ್ಡ್ ಮಾಸ್ಕ್ ಎಷ್ಟು ದೊಡ್ಡದೋ ಅಷ್ಟು ದೊಡ್ಡ ಜಾಲವನ್ನು ರೂಟರ್ ನೆರೆಯ ರೂಟರುಗಳಿಗೆ ಸಾರುತ್ತದೆ ಎಂಬುದೇ ಅದು. ಈ ಒಂದು ತಪ್ಪಿನಿಂದ ಇನ್ನೆರಡು ಹುಟ್ಟುತ್ತವೆ: ವೈಲ್ಡ್‌ಕಾರ್ಡ್ ಎಂದರೆ ಸಬ್‌ನೆಟ್ ಮಾಸ್ಕನ್ನು ತಿರುವಿದ್ದೇ ಆಗಿರಬೇಕು, ಮತ್ತು ಎರಡೂ ತುದಿಯಲ್ಲಿ ಒಂದೇ ಇರಬೇಕು. ನಿಜಕ್ಕೂ ಈ ಮಾಸ್ಕ್ ಒಂದು ಜರಡಿ. ಶೇಂಗಾ ಜರಡಿ ಕಾಳಿನ ಗಾತ್ರವನ್ನು ಬದಲಿಸದು, ಯಾವ ಕಾಳು ಉಳಿಯಬೇಕೆಂದು ಮಾತ್ರ ನಿರ್ಧರಿಸುತ್ತದೆ. ಮಾಸ್ಕಿನಲ್ಲಿ 0 ಇದ್ದ ಬಿಟ್ ಹೊಂದಲೇಬೇಕು, 1 ಇದ್ದ ಬಿಟ್ ಏನಿದ್ದರೂ ನಡೆಯುತ್ತದೆ. ಹಾಗೆ ಹೊಂದಿದ ಐಪಿ ವಿಳಾಸ ತನ್ನ ಯಾವ ಪೋರ್ಟಿನಲ್ಲಿದೆಯೋ ಆ ಪೋರ್ಟಿನಲ್ಲಿ ರೂಟರ್ ಓಎಸ್‌ಪಿಎಫ್ ಶುರುಮಾಡುತ್ತದೆ. ಮಾಸ್ಕಿನ ಕೆಲಸ ಅಲ್ಲಿಗೆ ಮುಗಿಯಿತು.

ರಾಜ್ಯ, ಜಿಲ್ಲೆ, ತಾಲ್ಲೂಕು ಕಚೇರಿಗಳನ್ನು ಬೆಸೆಯುವ ಕೆಸ್ವಾನ್ ಕರ್ನಾಟಕದಲ್ಲಿದೆ. ಅಂಥದೇ ಜೋಡಣೆಯನ್ನು ವಿಜಯನಗರ ಜಿಲ್ಲೆಯಲ್ಲಿ ಊಹಿಸಿಕೊಳ್ಳೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಕೊಟ್ಟೂರಿನ ರೂಟರಿನಲ್ಲಿ ಹೊಸಪೇಟೆಯ ಕಡೆಯ ಪೋರ್ಟ್ 10.20.1.2/30, ಕಚೇರಿಯೊಳಗಿನ ಪೋರ್ಟ್ 10.20.9.1/24. ಅಲ್ಲಿ 10.20.0.0 0.0.255.255 ಎಂದು ಬರೆದರೆ 10.20.0.0/16 ಹೊರಗೆ ಹೋಗುವುದಿಲ್ಲ, 10.20.1.0/30 ಮತ್ತು 10.20.9.0/24 ಎಂಬ ಎರಡೇ ಹೋಗುತ್ತವೆ. ಪೋರ್ಟಿನ ಸ್ವಂತ ಮಾಸ್ಕೇ ಸಾರುವ ಮಾಸ್ಕು. ಹೊಸಪೇಟೆಯವರು ಅದೇ ಕೊಂಡಿಗೆ 0.0.0.0 ಬರೆದಿದ್ದರೂ ನೆರೆಸಂಬಂಧ ಕೂಡುತ್ತದೆ, ಏಕೆಂದರೆ ನೆರೆಯವರನ್ನು ಗುರುತಿಸಲು ರೂಟರುಗಳು ಕಳಿಸುವ ಹಲೋ ಪ್ಯಾಕೆಟ್ಟಿನಲ್ಲಿ ವೈಲ್ಡ್‌ಕಾರ್ಡ್ ಇರುವುದೇ ಇಲ್ಲ. ಓಎಸ್‌ಪಿಎಫ್ ನಿಯಮಗಳನ್ನು ಹೇಳುವ 1998ರ ಆರ್‌ಎಫ್‌ಸಿ 2328ರ ಪ್ರಕಾರ ಈಥರ್‌ನೆಟ್ಟಿನಂಥ ಜಾಲದಲ್ಲಿ ಹೊಂದಬೇಕಾದ ಮಾಸ್ಕೆಂದರೆ ಸಬ್‌ನೆಟ್ ಮಾಸ್ಕ್.

ಈಗ ಹೊಸಪೇಟೆಯ ರೂಟರನ್ನು ನೋಡಿ. ಜಿಲ್ಲೆಯ ಆರು ತಾಲ್ಲೂಕುಗಳ ಕಡೆಯ ಪೋರ್ಟುಗಳಿಗೆ 10.20.0ರಿಂದ 10.20.5ರವರೆಗೆ ವಿಳಾಸ ಕೊಟ್ಟಿದೆ. ಐದರವರೆಗೆ ತಾನೇ ಬೇಕಾದದ್ದು ಎಂದು 0.0.5.255 ಬರೆಯುವುದು ಸಾಮಾನ್ಯ ತಪ್ಪು. 5 ಎಂದರೆ ಬಿಟ್ಟುಗಳಲ್ಲಿ 101. ಪ್ಯಾಕೆಟ್ಟುಗಳನ್ನು ಸೋಸುವ ಪ್ರವೇಶ ಪಟ್ಟಿಯಲ್ಲಿ (ಆಕ್ಸೆಸ್ ಲಿಸ್ಟ್) ಹಾಗೆ ಬರೆದರೆ 0, 1, 4, 5 ಹೊಂದುತ್ತವೆ, 2 ಮತ್ತು 3 ಬಿಟ್ಟುಹೋಗುತ್ತವೆ. ಓಎಸ್‌ಪಿಎಫ್ ಕಮಾಂಡಿನಲ್ಲಂತೂ ಇಂಥ ಬಿಡಿಬಿಡಿ ಮಾಸ್ಕನ್ನು ಸಿಸ್ಕೊ ಒಪ್ಪುವುದೇ ಇಲ್ಲ. 0.0.7.255 ಬರೆದರೆ 6 ಮತ್ತು 7 ಕೂಡ ಒಳಗೆ ಬರುತ್ತವೆ. ಆರೇ ಬೇಕೆಂದರೆ ಎರಡು ಸಾಲು ಬೇಕು: 10.20.0.0 0.0.3.255 ಮತ್ತು 10.20.4.0 0.0.1.255.

ಮುಂದೆ ಹೊಸ ಪೋರ್ಟ್ ಬಂದಾಗ ಮತ್ತೆ ಬರೆಯುವ ತಾಪತ್ರಯವೇಕೆ, ಒಂದೇ ಅಗಲ ಸಾಲು ಸಾಲದೆ ಎಂದು ಕೆಲವರು ಕೇಳುತ್ತಾರೆ. ಪುಟ್ಟ ಪ್ರಯೋಗಾಲಯಕ್ಕೆ ಸಾಕು. ಆದರೆ ಕೆಲಸದ ಜಾಲದಲ್ಲಿ ಆ ಅನುಕೂಲವೇ ಅಪಾಯ: ನಾಳೆ ಯಾರೋ ಸೇರಿಸಿದ ಪೋರ್ಟ್ ಯಾರನ್ನೂ ಕೇಳದೆ ಹಲೋ ಕಳಿಸತೊಡಗುತ್ತದೆ, ಆ ತುದಿಯ ಅಪರಿಚಿತ ರೂಟರ್ ನೆರೆಯವನಾಗಬಹುದು. ಹಲೋ ಹೋಗದಂತೆ ತಡೆಯುವ ಪ್ಯಾಸಿವ್ ಇಂಟರ್‌ಫೇಸ್ ಹಾಕಿದರೆ ಆ ಭಯ ಕಡಿಮೆ, ನಿಜ. ಆದರೂ ಆ ಜಾಲ ಮಾತ್ರ ಎಲ್ಲರಿಗೂ ಸಾರಲ್ಪಡುತ್ತದೆ. ಇನ್ನು ವಿಳಾಸಗಳು ಸದಾ ಒತ್ತೊತ್ತಾಗಿ ಇರುತ್ತವೆ ಎಂಬ ಭರವಸೆಯೂ ಬೇಡ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆವಾರು ವಿಳಾಸ ಹಂಚಿದ ಜಾಲದಲ್ಲಿ ಇಂಥ ಊರಿನ ವಿಳಾಸ ಹೊಸ ಜಿಲ್ಲೆಯ ಗುಂಪಿನೊಳಗೇ ಬೀಳುತ್ತದೆ ಎನ್ನಲಾಗದು.

ಆದ್ದರಿಂದ ಪೋರ್ಟಿನ ಪೂರ್ತಿ ವಿಳಾಸ ಕೊಟ್ಟು 0.0.0.0 ಬರೆಯುವುದೇ ನನ್ನ ಆಯ್ಕೆ. ಇಲ್ಲವೇ ಪೋರ್ಟಿನೊಳಗೇ ಹೋಗಿ ಓಎಸ್‌ಪಿಎಫ್ ಶುರುಮಾಡಿದರೆ ವೈಲ್ಡ್‌ಕಾರ್ಡಿನ ಗೊಡವೆಯೇ ಇಲ್ಲ. ಹೇಗೇ ಬರೆಯಿರಿ, ಬರೆದಾದ ಮೇಲೆ ‘ಶೋ ಐಪಿ ಓಎಸ್‌ಪಿಎಫ್ ಇಂಟರ್‌ಫೇಸ್ ಬ್ರೀಫ್’ ಕೊಟ್ಟು ಯಾವ ಯಾವ ಪೋರ್ಟ್ ಒಳಗೆ ಬಂದಿದೆ ಎಂದು ಕಣ್ಣಾರೆ ನೋಡಿ.