ಜರಿಪಟ್ಕಾದ ಸಿಂಧಿಗಳು: ಪೌರತ್ವಕ್ಕೆ ಮುಂಚಿನ ನಿತ್ಯವ್ಯವಹಾರ

ಪ್ರಶ್ನೆ: ಪಾಕಿಸ್ತಾನದಿಂದ ನಾಗಪುರಕ್ಕೆ ಬಂದ ಹಿಂದೂ ಸಿಂಧಿಗಳು ಪೌರತ್ವ ಸಿಗುವವರೆಗೆ ದಿನನಿತ್ಯದ ಕೆಲಸಗಳನ್ನು ಹೇಗೆ ನಡೆಸುತ್ತಾರೆ?

ಉತ್ತರ: ನಾಗಪುರದ ಜರಿಪಟ್ಕಾ ಬಡಾವಣೆಯಲ್ಲಿ ನೆಲೆಸಿದ ಇಂಥ ಕುಟುಂಬಗಳಿಗೆ ಆಧಾರವಾಗಿರುವುದು ದೀರ್ಘಾವಧಿ ವೀಸಾ, ಅಂದರೆ ಪೌರತ್ವ ದೊರೆಯುವ ತನಕ ದೇಶದಲ್ಲಿ ಉಳಿಯಲು ಕೊಡುವ, ಕಾಲಕಾಲಕ್ಕೆ ನವೀಕರಿಸಬೇಕಾದ ಪರವಾನಗಿ. ಈ ವೀಸಾ ಇದ್ದವರು ಬ್ಯಾಂಕ್ ಖಾತೆ ತೆರೆಯಲು, ಪ್ಯಾನ್, ಆಧಾರ್ ಮತ್ತು ಚಾಲನಾ ಪರವಾನಗಿ ಪಡೆಯಲು, ವಾಸಕ್ಕೆ ಮನೆ ಕೊಳ್ಳಲು ಕೇಂದ್ರ ಸರ್ಕಾರ 2016ರಲ್ಲಿ ಅವಕಾಶ ನೀಡಿತು. ಖಾತೆಯೇ ಇಲ್ಲದವರಿಗೆ ಅಂಗಡಿಯ ವ್ಯವಹಾರವೂ ಮನೆಬಾಡಿಗೆಯೂ ಎಷ್ಟು ತೊಡಕೆಂಬುದನ್ನು ನೆನೆದರೆ ಇದು ತಡವಾಗಿ ಬಂದ ಸೌಲಭ್ಯವೇ ಸರಿ. ಪಾಕಿಸ್ತಾನದಲ್ಲಿ ಸಿಂಧಿಯನ್ನು ಅರಬ್ಬೀ ಮೂಲದ ಲಿಪಿಯಲ್ಲಿ ಬರೆಯುವುದರಿಂದ, ಅಲ್ಲಿ ಓದಿದವರಿಗೆ ದೇವನಾಗರಿಯಲ್ಲಿರುವ ಮರಾಠಿ ಅರ್ಜಿ ತುಂಬುವುದೂ ಹೊಸ ಪಾಠವೇ. ಪೌರತ್ವ ನೋಂದಣಿಯ ಅಧಿಕಾರವನ್ನು 2016ರ ಡಿಸೆಂಬರ್‌ನಲ್ಲಿ ನಾಗಪುರವೂ ಸೇರಿದಂತೆ 16 ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ವಹಿಸಿ, ಶುಲ್ಕವನ್ನು 100 ರೂಪಾಯಿಗೆ ಇಳಿಸಲಾಯಿತು.